ಹತ್ತು ನಿಮಿಷ ಮಾತಾಡುವ ಭಯ

ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಸುಧಾ ಅಂತ ಕರೆಯೋಣ. ಮಲೆನಾಡಿನ ಅಡಿಕೆ ಬೆಳೆಗಾರರ ಮಗಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಈಗ ಅಡಿಕೆಯ ಕೊಳೆರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾರೆ. ಒಂದು ಸಮ್ಮೇಳನದಲ್ಲಿ ಹತ್ತು ನಿಮಿಷ ಮಾತಾಡಲು ಅವಕಾಶ ಸಿಕ್ಕಿತ್ತು. ಸುದ್ದಿ ಬಂದಾಗಿನಿಂದ ಸರಿಯಾಗಿ ನಿದ್ದೆಯಿಲ್ಲ ಅಂತ ಸಲಹೆ ಕೇಳಲು ನನ್ನ ಹತ್ತಿರ ಬಂದರು.

"ಮೇಡಂ, ಇಂಗ್ಲಿಷಲ್ಲಿ ಪೇಪರ್ ಬರೀತೀನಿ. ಎದ್ದು ನಿಂತ್ರೆ ಬಾಯೇ ಬರಲ್ಲ" ಅಂದರು.

ಇಡೀ ಭಾಷಣವನ್ನು ಬರೆದು ಬಾಯಿಪಾಠ ಮಾಡಿದ್ದರು. ಲ್ಯಾಬಿನಲ್ಲಿ ಅಭ್ಯಾಸ ಮಾಡುವಾಗ ನಡುವೆ ಒಂದು ಸಾಲು ಮರೆತುಹೋಯಿತು. ಮುಂದಿನದೇನೂ ನೆನಪಾಗದೆ ನಿಂತುಬಿಟ್ಟರು. ಗೆಳತಿಯೊಬ್ಬಳು ಪ್ರೊಪ್ರನೊಲಾಲ್ ಮಾತ್ರೆ ಕೊಟ್ಟು, ವೇದಿಕೆಗೆ ಹೋಗುವ ಮುಂಚೆ ನುಂಗು ಅಂದಿದ್ದಳಂತೆ.

ನಾನು ಮೊದಲು ಹಿಡಿದದ್ದು ಆ ಮಾತ್ರೆಯ ವಿಷಯ. ಸುಧಾಗೆ ಚಿಕ್ಕಂದಿನಿಂದ ಆಸ್ತಮಾ ಇದೆ. ಪ್ರೊಪ್ರನೊಲಾಲ್ ಎದೆಬಡಿತ ಇಳಿಸುತ್ತದೆ, ನಿಜ. ಆದರೆ ಆಸ್ತಮಾ ಇದ್ದವರಲ್ಲಿ ಅದು ಉಸಿರಿನ ಕೊಳವೆಗಳನ್ನು ಬಿಗಿಗೊಳಿಸಿ ಜೀವಕ್ಕೇ ಕುತ್ತು ತರಬಹುದು. ಬೇರೆಯವರ ಮಾತ್ರೆಯನ್ನು ವೈದ್ಯರನ್ನು ಕೇಳದೆ ಯಾರೂ ನುಂಗಬಾರದು. ಇದನ್ನು ಎಷ್ಟು ಸಲ ಹೇಳಿದರೂ ಜಾಸ್ತಿಯಲ್ಲ.

ಆಮೇಲೆ, "ಸ್ಲೈಡ್ ಬಿಡಿ. ಇದನ್ನೇ ನಿಮ್ಮ ಅಪ್ಪನಿಗೆ ಹೇಗೆ ಹೇಳ್ತೀರಿ?" ಅಂತ ಕೇಳಿದೆ. ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆದರೂ ಕೆಲವು ತೋಟಗಳಲ್ಲಿ ಯಾಕೆ ಕಾಯಿ ಉದುರುತ್ತದೆ, ತಾವು ಕಂಡದ್ದೇನು ಅಂತ ಎಲ್ಲೂ ತಡವರಿಸದೆ ಹೇಳಿದರು. ಇವರಿಗೆ ವಿಷಯದ ಭಯವಿಲ್ಲ, ಇಂಗ್ಲಿಷಿನ ಭಯವೂ ಅಷ್ಟಿಲ್ಲ. ಬರೆದ ಸಾಲು ತಪ್ಪಿಹೋದೀತು ಅನ್ನುವುದೇ ಭಯ. ಬಾಯಿಪಾಠ ಧೈರ್ಯ ಕೊಡುವ ಹಾಗೆ ಕಾಣುತ್ತದೆ, ಆದರೆ ಒಂದು ಕೊಂಡಿ ಕಳಚಿದರೆ ಇಡೀ ಸರಪಳಿ ಬೀಳುತ್ತದೆ.

ಹಾಗಾಗಿ ಮೊದಲ ಎರಡು ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಬಾಯಿಗೆ ಬರಲಿ ಅಂದೆ. ಉಳಿದದ್ದನ್ನು ಚಿತ್ರ ನೋಡಿಕೊಂಡು ಹೇಳುವುದು. ಪ್ರತಿ ಸ್ಲೈಡಿನ ತಲೆಬರಹದಲ್ಲೇ ಆ ಸ್ಲೈಡ್ ಹೇಳುವ ವಿಷಯ ಇರಲಿ. ಆಗ ಮರೆತರೂ ಅಲ್ಲೇ ಸಿಗುತ್ತದೆ. ಗ್ರಾಫ್ ಬಂದಾಗ ಅಡ್ಡ ಗೆರೆ ಏನು, ಉದ್ದ ಗೆರೆ ಏನು ಅಂತ ಮೊದಲು ಹೇಳಬೇಕು. ಕೇಳುವವರಿಗೂ ಅನುಕೂಲ, ಹೇಳುವವರ ಉಸಿರಿಗೂ ಬಿಡುವು. ಹದಿನೆಂಟು ಸ್ಲೈಡುಗಳಿದ್ದವು, ಅರ್ಧಕ್ಕೆ ಇಳಿಸಿದರು.

ಮನಸ್ಸಿನಲ್ಲೇ ಓದಿಕೊಂಡರೆ ಅಭ್ಯಾಸವಾಗಲ್ಲ, ನಿಂತು ಗಟ್ಟಿಯಾಗಿ ಹೇಳಬೇಕು. ಮೊದಲು ರೂಮಿನ ಗೆಳತಿಯ ಮುಂದೆ, ಆಮೇಲೆ ಜೂನಿಯರ್‌ಗಳ ಮುಂದೆ, ಕೊನೆಗೆ ಲ್ಯಾಬಿನವರ ಮುಂದೆ. ಭಯವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಎದುರಿಸಿದರೆ ದೇಹ ಒಗ್ಗಿಕೊಳ್ಳುತ್ತದೆ. ವೇದಿಕೆಯಲ್ಲಿ ಎದೆ ಬಡಿದುಕೊಂಡರೆ ಅದು ಭಯವಾದಾಗ ದೇಹ ಬಿಡುವ ಅಡ್ರಿನಲಿನ್ ಹಾರ್ಮೋನಿನ ಕೆಲಸ. ಅದರ ಜತೆ ಜಗಳಕ್ಕಿಳಿಯದೆ ಉಸಿರನ್ನು ನಿಧಾನವಾಗಿ ಹೊರಗೆ ಬಿಡುತ್ತಾ ಮಾತು ಶುರು ಮಾಡಿದರೆ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ.

ಅವರನ್ನು ಜಾಸ್ತಿ ಕಾಡಿದ್ದು ಪ್ರಶ್ನೆಗಳು. ಯಾವ ಪ್ರಶ್ನೆ ಬರಬಾರದು ಅನಿಸುತ್ತದೋ ಅವನ್ನೇ ಬರೆದು ತರಲು ಹೇಳಿದೆ. ನಾವಿಬ್ಬರೂ ಕೂತು ಉತ್ತರ ಹೇಳಿ ನೋಡಿದೆವು. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ ಅನ್ನಬಹುದು. "ಅದನ್ನು ನಾವಿನ್ನೂ ಪರೀಕ್ಷಿಸಿಲ್ಲ" ಅನ್ನುವುದು ವಿಜ್ಞಾನದಲ್ಲಿ ಪೂರ್ತಿ ಮರ್ಯಾದೆಯ ಉತ್ತರ, ಅಲ್ವಾ?

ಸಮ್ಮೇಳನ ಮುಗಿಸಿ ಬಂದರು. ಶುರುವಿನಲ್ಲಿ ದನಿ ನಡುಗಿತಂತೆ, ನಡುವೆ ಒಮ್ಮೆ ನಿಂತು ತಲೆಬರಹ ಓದಿ ಮುಂದುವರಿದರಂತೆ. ಒಂದು ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ, ಹಾಗೇ ಹೇಳಿದರು. ಕೇಳಿದ ವಿಜ್ಞಾನಿ ಆಮೇಲೆ ಚಹಾ ಹೊತ್ತಿನಲ್ಲಿ ಬಂದು ಅದರ ಬಗ್ಗೆಯೇ ಮಾತಾಡಿದರಂತೆ. ನಿದ್ದೆ ಸುಧಾರಿಸಿದೆ. ವೈವಾ, ಅಂದರೆ ಪಿಎಚ್‌ಡಿಯ ಮೌಖಿಕ ಪರೀಕ್ಷೆಯ ಭಯ ಇನ್ನೂ ಇದೆ, ಅದಕ್ಕಾಗಿ ಭೇಟಿಗಳನ್ನು ಮುಂದುವರಿಸಿದ್ದೇವೆ.