ದಮ್ಮು ಕಟ್ಟುವ ಮೊದಲೇ ಬರೆದಿಡಿ

ಪ್ರಶ್ನೆ: ನನಗೆ 38 ವರ್ಷ. ಬದಿಯಡ್ಕದ ಹತ್ತಿರ ಅಡಿಕೆ ತೋಟ. ಹತ್ತು ವರ್ಷದಿಂದ ಅಸ್ತಮಾ. ಡಾಕ್ಟರು ಹಸಿರು, ಹಳದಿ, ಕೆಂಪು ಎಂದು ಮೂರು ಭಾಗ ಮಾಡಿದ ಒಂದು ಕಾಗದ ಕೊಟ್ಟಿದ್ದಾರೆ. ಉಸಿರು ಕಟ್ಟಿದರೆ ನನಗೇ ಗೊತ್ತಾಗುತ್ತದೆ. ಕಾಗದ ಯಾಕೆ?

ಉತ್ತರ: ಪ್ರತಿ ಮಳೆಗಾಲ ಇದೇ ಪ್ರಶ್ನೆ. ಗೊತ್ತಾಗುತ್ತದೆ ಅಂದವರನ್ನೇ ರಾತ್ರಿ ಎರಡು ಗಂಟೆಗೆ ತಲಪಾಡಿ ಗಡಿ ದಾಟಿಸಿ ಮಂಗಳೂರಿಗೆ ತರುವುದನ್ನು ನೋಡಿ ನನಗೆ ಸಾಕಾಗಿದೆ. ಉಬ್ಬಸ ಹಳೆಯದಾದರೆ ಎಷ್ಟೋ ಜನರ ದೇಹ ಕಡಿಮೆ ಗಾಳಿಗೇ ಒಗ್ಗಿಬಿಡುತ್ತದೆ. ಒಳಗೆ ಕೊಳವೆ ಕಿರಿದಾಗಿರುತ್ತದೆ, ನೀವು 'ಏನಿಲ್ಲ, ಸ್ವಲ್ಪ ಬಿಗಿ' ಅನ್ನುತ್ತೀರಿ.

ಅದಕ್ಕೇ ಪೀಕ್ ಫ್ಲೋ ಮೀಟರ್, ಅಂದರೆ ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಎಂದು ಅಳೆಯುವ ಸಣ್ಣ ಸಾಧನ. ಮೂರು ಸಲ ಜೋರಾಗಿ ಊದಿ, ಹೆಚ್ಚು ಬಂದ ಅಂಕಿ ಬರೆಯಿರಿ. ಆರಾಮ ಇರುವಾಗ ಎರಡು ವಾರ ಹೀಗೆ ಮಾಡಿದರೆ ನಿಮ್ಮ ಅತ್ಯುತ್ತಮ ಅಂಕಿ ಸಿಗುತ್ತದೆ. ಅದು 400 ಅಂತಿಟ್ಟುಕೊಳ್ಳಿ. 320ಕ್ಕಿಂತ (ಅದರ ನೂರಕ್ಕೆ 80ಕ್ಕಿಂತ) ಮೇಲೆ ಹಸಿರು, ಆರಾಮ. 200ರಿಂದ 320 ಹಳದಿ, ಎಚ್ಚರಿಕೆ. 200ಕ್ಕಿಂತ (ಅರ್ಧಕ್ಕಿಂತ) ಕೆಳಗೆ ಕೆಂಪು, ಅಪಾಯ. ಪಕ್ಕದ ಮನೆಯವರ ಅಂಕಿ ನಿಮಗೆ ಆಗುವುದಿಲ್ಲ.

ರಾತ್ರಿ ಕೆಮ್ಮಿ ಎಚ್ಚರವಾದರೆ, ಮಾಮೂಲಿಗಿಂತ ಜಾಸ್ತಿ ಸಲ ಉಸಿರು ಬಿಡಿಸುವ ಪಂಪ್ (ಇನ್ಹೇಲರ್) ಬೇಕಾದರೆ ಅದೂ ಹಳದಿಯೇ. ಆಗ ಯಾವ ಮದ್ದು, ಎಷ್ಟು, ಎಷ್ಟು ದಿನ ಎಂದು ಡಾಕ್ಟರ ಹತ್ತಿರ ಈಗಲೇ ಬರೆಸಿಕೊಳ್ಳಿ. ಇನ್ಹೇಲರಿನ ಹೆಸರನ್ನೇ ಬರೆಸಿ, ಬಣ್ಣವನ್ನಲ್ಲ. ಕಂಪನಿ ಬದಲಾದರೆ ಬಣ್ಣವೂ ಬದಲಾಗಬಹುದು.

ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿಯಾದರೆ ಅದು ಕೆಂಪು, ಮೀಟರ್ ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ನೆಟ್ಟಗೆ ಕೂತು, ಕಟ್ಟಿದ ಉಸಿರನ್ನು ಬೇಗ ಬಿಡಿಸುವ ಸಾಲ್ಬುಟಮಾಲ್ ಪಂಪಿಗೆ ಸ್ಪೇಸರ್ (ಬಾಯಿಗೂ ಪಂಪಿಗೂ ನಡುವೆ ಸಿಕ್ಕಿಸುವ ಕೊಳವೆಯಂಥ ಡಬ್ಬಿ) ಹಾಕಿ ಒಂದೊಂದೇ ಪಫ್ ಎಳೆಯಿರಿ. ದೊಡ್ಡವರಿಗೆ 4ರಿಂದ 10 ಪಫ್, ಮೊದಲ ಒಂದು ಗಂಟೆ 20 ನಿಮಿಷಕ್ಕೊಮ್ಮೆ. ಮನೆಯ ಬಾಗಿಲಿಗೆ ಆಂಬ್ಯುಲೆನ್ಸ್ ಬರುವುದಿಲ್ಲವಾದರೆ ಯಾರ ಜೀಪು, ಅವರ ನಂಬರ್ ಏನು ಅನ್ನುವುದೂ ಚೀಟಿಯಲ್ಲಿರಲಿ.

ಇನ್ನೊಂದು ಮಾತು ನಮ್ಮ ಕಾಸರಗೋಡಿನವರಿಗೇ. ಒಬ್ಬರು ಪರ್ಸಿನಿಂದ ಚೀಟಿ ತೆಗೆದರು. ನಾಲ್ಕು ಮಡಿಕೆ, ಮಡಿಕೆಯ ಗೆರೆಯಲ್ಲೆಲ್ಲ ಅಕ್ಷರ ಅಳಿಸಿತ್ತು. ಹೆಂಡತಿಯ ಕೈಗೆ ಕೊಟ್ಟು 'ಓದಿ ಅಮ್ಮ' ಅಂದೆ. ಅರ್ಧ ಇಂಗ್ಲಿಷ್, ಅರ್ಧ ಮಲಯಾಳ. ಆಕೆ ಕಲಿತದ್ದು ಕನ್ನಡ ಶಾಲೆಯಲ್ಲಿ. ಎರಡು ಸಾಲಿಗೆ ನಿಂತುಬಿಟ್ಟರು. ರಾತ್ರಿ ಇವರಿಗೆ ಮಾತು ಹೊರಡದಾಗ ಓದಬೇಕಾದವರು ಅವರೇ ಅಲ್ವಾ? ಅಲ್ಲೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಕನ್ನಡದಲ್ಲಿ ಬರೆಸಿದೆ. ನೀವೂ ಬರೆದು ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿ. ಕೆಳಗೆ ನಿಮಗೆ ಆಗದ್ದನ್ನೂ ಸೇರಿಸಿ: ಅಡಿಕೆ ಸುಲಿಯುವ ಧೂಳು, ಬಚ್ಚಲೊಲೆಯ ಹೊಗೆ, ಆಟಿ ತಿಂಗಳ ಮಳೆಯಲ್ಲಿ ಗೋಡೆಗೆ ಹಿಡಿಯುವ ಬೂಸ್ಟು.

ಪ್ರಶ್ನೆ: ಇನ್ಹೇಲರ್ ಚಟವಾಗುತ್ತದಾ? (ಕುಂಬಳೆ)
ಉತ್ತರ: ಇಲ್ಲ. ದಿನಾ ಎಳೆಯಬೇಕಾದ ಸ್ಟೀರಾಯ್ಡ್ ಇನ್ಹೇಲರ್ ಬಿಟ್ಟು ಬರೀ ಸಾಲ್ಬುಟಮಾಲಿನಲ್ಲಿ ದಿನ ದೂಡುವುದೇ ಅಪಾಯ. ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ.

ಪ್ರಶ್ನೆ: ಹೈದರಾಬಾದಿನ ಮೀನಿನ ಮದ್ದು? (ಪೆರ್ಲ)
ಉತ್ತರ: ಬೇಡ. ಅದರಿಂದ ಅಸ್ತಮಾ ಗುಣವಾಗುತ್ತದೆ ಎನ್ನಲು ಆಧಾರವೇ ಇಲ್ಲ.

ಪ್ರಶ್ನೆ: ಒಬ್ಬರು ಕೊಡುವ ಪುಡಿಯಲ್ಲಿ ಎರಡೇ ದಿನಕ್ಕೆ ಗುಣ ಕಾಣುತ್ತದೆ. ಮುಂದುವರಿಸಲೇ? (ಮುಳ್ಳೇರಿಯ)
ಉತ್ತರ: ಹೆಸರಿಲ್ಲದ ಪುಡಿ ಅಷ್ಟು ಬೇಗ ಹಿಡಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ನನಗೆ. ತುಂಬಾ ದಿನ ತಿಂದಿದ್ದರೆ ಸುಮ್ನೆ ನಿಲ್ಲಿಸುವುದೂ ಅಪಾಯ. ಪೊಟ್ಟಣದ ಸಮೇತ ಈ ವಾರವೇ ಡಾಕ್ಟರ ಹತ್ತಿರ ಹೋಗಿ.