ಕಷ್ಟದ ದಿನಗಳನ್ನೂ ಯಾರಾದರೂ ಆಸೆಪಟ್ಟು ನೆನೆಯುತ್ತಾರಾ?

ಓದುಗರ ಪತ್ರ: ನಾನು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೇನೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ಸೊಮಾಲಿ ಮೂಲದವರು. ಯುದ್ಧದಲ್ಲಿ ಮನೆ ಕಳೆದುಕೊಂಡು, ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿದ್ದು, ಚಿಕ್ಕ ವಯಸ್ಸಿನಲ್ಲಿ ಇಲ್ಲಿಗೆ ಬಂದವರು. ಆದರೂ ಮಾತೆತ್ತಿದರೆ ‘ತೊಂಬತ್ತರ ದಶಕದಂಥ ಕಾಲ ಮತ್ತೆ ಬರಲ್ಲ’ ಅನ್ನುತ್ತಾರೆ. ಎರಡು ಕೋಣೆಯ ಫ್ಲ್ಯಾಟ್‌ನಲ್ಲಿ ಒಂಬತ್ತು ಜನ ಇದ್ದರಂತೆ. ಅದರಲ್ಲಿ ಚೆಂದ ಏನಿದೆ? ನೋವು ಮರೆಯೋಕೆ ಹಾಗೆ ಹೇಳ್ತಾರಾ? ಇದರ ಬಗ್ಗೆ ನಾನೊಂದು ಲೇಖನ ಬರೆಯಬಹುದಾ?

ಸಂಪಾದಕರ ಉತ್ತರ: ಖಂಡಿತ ಬರೆಯಿರಿ. ಅದಕ್ಕೆ ಮೊದಲು ಎರಡು ಮಾತು. (ಎರಡೇ ಮಾತು ಎಂದು ಶುರು ಮಾಡಿದ ಸಂಪಾದಕರನ್ನು ಯಾರೂ ನಂಬಬಾರದು.)

ನಿಮ್ಮ ಗೆಳೆಯರು ಹಂಬಲಿಸುತ್ತಿರುವುದು ಸೊಮಾಲಿಯಾಕ್ಕಾಗಿ ಅಲ್ಲ. ರಾಜಧಾನಿ ಮೊಗದಿಶುವಿನ ಸಮುದ್ರ, ಅಲ್ಲಿನ ಟಾಕೀಸುಗಳಲ್ಲಿ ಓಡುತ್ತಿದ್ದ ಹಿಂದಿ ಸಿನಿಮಾ, ಇವೆಲ್ಲ ಅವರ ಅಪ್ಪ ಅಮ್ಮನ ನೆನಪು. ಇವರಿಗೆ ಬೇಕಾಗಿರುವುದು ನೀವೀಗ ಇರುವ ಊರೇ, ಆದರೆ ಮೂವತ್ತು ವರ್ಷ ಹಿಂದಿನದು. ಒಂದೇ ಮನೆಯಲ್ಲಿ ಎರಡು ಬೇರೆ ಬೇರೆ ಹಂಬಲ.

ಅವರು ಬಂದ ದಾರಿ ಚಿಕ್ಕದಾಗಿ ಹೇಳುತ್ತೇನೆ. 1988ರಲ್ಲಿ ಸೊಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರ್ರೆಯ ಸರ್ಕಾರ ತನ್ನ ದೇಶದ್ದೇ ಊರಾದ ಹರ್ಗೇಸಾದ ಮೇಲೆ ಬಾಂಬು ಹಾಕಿತು. 1991ರ ಜನವರಿಯಲ್ಲಿ ಆ ಸರ್ಕಾರವೇ ಬಿತ್ತು. ಲಕ್ಷಾಂತರ ಜನ ಗಡಿ ದಾಟಿದರು. ಕೀನ್ಯಾದ ದಾದಾಬ್ ಶಿಬಿರಗಳು ಶುರುವಾದದ್ದು ಆಗಲೇ. ಅಲ್ಲಿಂದ ಕೆಲವರು ಲಂಡನ್, ಟೊರಾಂಟೊ, ಮಿನಿಯಾಪೊಲಿಸ್ ಸೇರಿದರು. ಬ್ರಿಟನ್ನಿನ ಕಾರ್ಡಿಫ್ ಬಂದರಿನ ಸೊಮಾಲಿಗಳ ಕಥೆ ಬೇರೆ. ಅವರು ಹಡಗಿನ ಕೆಲಸಕ್ಕೆಂದು ಹತ್ತೊಂಬತ್ತನೇ ಶತಮಾನದಲ್ಲೇ ಹೋದವರು.

ನಿಮ್ಮೂರಿನ ಸೀಡರ್-ರಿವರ್‌ಸೈಡ್‌ನಲ್ಲಿ ಬಣ್ಣಬಣ್ಣದ ಚೌಕಗಳಿರುವ ಎತ್ತರದ ಕಟ್ಟಡಗಳನ್ನು ನೋಡಿರುತ್ತೀರಿ. 1973ರಲ್ಲಿ ತೆರೆದವು. ಸಾವಿರಕ್ಕೂ ಹೆಚ್ಚು ಮನೆಗಳಿವೆ. ತೊಂಬತ್ತರ ದಶಕದಲ್ಲಿ ಅಲ್ಲಿಗೆ ಸೊಮಾಲಿಗಳು ಬಂದರು. ಟೊರಾಂಟೊದ ಡಿಕ್ಸನ್ ರಸ್ತೆಯ ಆರು ಕಟ್ಟಡಗಳಲ್ಲೂ ಹೀಗೇ ಆಯಿತು. ಒಬ್ಬರು ಬಾಡಿಗೆಗೆ ಹಿಡಿದರೆ ಅವರ ತಂಗಿ, ಚಿಕ್ಕಪ್ಪನ ಮಕ್ಕಳು, ಶಿಬಿರದಲ್ಲಿ ಪಕ್ಕದ ಡೇರೆಯಲ್ಲಿದ್ದವರು, ಎಲ್ಲರೂ ಅದೇ ವಿಳಾಸ ಹುಡುಕಿಕೊಂಡು ಬಂದರು.

ಒಬ್ಬ ಹುಡುಗನ ಕಣ್ಣಲ್ಲಿ ಇದು ಹೇಗಿದ್ದಿರಬಹುದು, ಯೋಚಿಸಿ. ಉದ್ದನೆಯ ವರಾಂಡ. ಎರಡೂ ಕಡೆ ಬಾಗಿಲು. ಯಾವ ಬಾಗಿಲು ತಟ್ಟಿದರೂ ಒಬ್ಬ ಹಬೋ, ಅಂದರೆ ಚಿಕ್ಕಮ್ಮ. ರಕ್ತಸಂಬಂಧ ಇರಲೇಬೇಕೆಂದಿಲ್ಲ. ಒಂದು ಮನೆಯಲ್ಲಿ ಅನ್ನದ ತಟ್ಟೆಗೆ ಬಾಳೆಹಣ್ಣು, ಇನ್ನೊಂದರಲ್ಲಿ ಇಟಲಿಯವರು ಬಿಟ್ಟುಹೋದ ಪಾಸ್ತಾ, ಮೂರನೆಯದರಲ್ಲಿ ಏಲಕ್ಕಿ, ಚಕ್ಕೆ ಹಾಕಿದ ಚಹಾ. ಬಿಬಿಸಿಯ ಸೊಮಾಲಿ ವಾರ್ತೆ ಶುರುವಾದರೆ ದೊಡ್ಡವರೆಲ್ಲ ಗಪ್‌ಚಿಪ್. ಶನಿವಾರ, ಭಾನುವಾರ ದುಗ್ಸಿ ಎಂಬ ಪಾಠಶಾಲೆಗೆ ಹೋಗಿ ಕುರಾನ್ ಕಲಿಯಬೇಕು. ಆಮೇಲೆ ಬಾಸ್ಕೆಟ್‌ಬಾಲ್.

ಮತ್ತೆ ಕ್ಯಾಸೆಟ್ಟು! ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಸೊಮಾಲಿ ಭಾಷೆಗೆ ಸರ್ಕಾರ ಲಿಪಿ ಗೊತ್ತು ಮಾಡಿದ್ದೇ 1972ರಲ್ಲಿ. ಕವಿತೆಯಿರಲಿ, ಜಗಳವಿರಲಿ, ಅವರಲ್ಲಿ ಎಲ್ಲವೂ ಬಾಯಿಂದ ಬಾಯಿಗೆ ಸಾಗುತ್ತಿದ್ದವು. ಹಾಗಾಗಿ ಪತ್ರದ ಬದಲು ಕ್ಯಾಸೆಟ್‌ನಲ್ಲಿ ಮಾತು ತುಂಬಿಸಿ ಕಳಿಸುವುದು ಅವರಿಗೆ ಸಲೀಸಾಗಿತ್ತು. ಊರಿಗೆ ಹೊರಟವರ ಕೈಗೆ ಕೊಟ್ಟರೆ ಆಯಿತು. ಊರಿಂದ ಬರುವ ಕ್ಯಾಸೆಟ್‌ನಲ್ಲಿ ಅಜ್ಜಿ ಒಬ್ಬೊಬ್ಬ ಮೊಮ್ಮಗನ ಹೆಸರೂ ಹಿಡಿದು ಹರಸುತ್ತಿದ್ದಳು, ದುಡ್ಡು ಯಾಕೆ ಬಂದಿಲ್ಲ ಎಂದೂ ಕೇಳುತ್ತಿದ್ದಳು. ಆ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅಜ್ಜಿ ಎಂದರೆ ಒಂದು ದನಿ ಮಾತ್ರ. ಇವತ್ತು ಹರ್ಗೇಸಾದಲ್ಲಿ ಸಾವಿರಾರು ಹಳೇ ಕ್ಯಾಸೆಟ್‌ಗಳನ್ನು ಕೂಡಿಟ್ಟು ಕಾಪಾಡುತ್ತಿದ್ದಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲ, ಮರೆಯುತ್ತಲೂ ಇಲ್ಲ. ಒಂಬತ್ತು ಜನ ಒಂದೇ ಫ್ಲ್ಯಾಟ್‌ನಲ್ಲಿದ್ದದ್ದು ಇನ್ನೊಂದಕ್ಕೆ ಬಾಡಿಗೆ ಕಟ್ಟುವ ಶಕ್ತಿ ಇಲ್ಲದ್ದಕ್ಕೆ. ಪಕ್ಕದ ಮನೆಯ ಚಿಕ್ಕಮ್ಮ ಊಟ ಹಾಕುತ್ತಿದ್ದುದು ಅಮ್ಮ ಪಾಳಿ ಕೆಲಸಕ್ಕೆ ಹೋಗಿರುತ್ತಿದ್ದುದಕ್ಕೆ. ಮಿನೆಸೋಟಾಕ್ಕೆ ಮೊದಲು ಬಂದವರಲ್ಲಿ ಬಹಳ ಜನ ಟರ್ಕಿ ಕೋಳಿ ಕತ್ತರಿಸುವ ಕಾರ್ಖಾನೆಗಳಲ್ಲಿ ದುಡಿದರು. ಮಕ್ಕಳಿಗೆ ಸುಖ ಕೊಟ್ಟ ಆ ಗದ್ದಲವನ್ನು ತಂದದ್ದೇ ದೊಡ್ಡವರ ಕಷ್ಟ. ಕೈಯಲ್ಲಿ ನಾಲ್ಕು ಕಾಸು ಆಡಿದ ಕೂಡಲೇ ಎಷ್ಟೋ ಕುಟುಂಬಗಳು ಊರಾಚೆ ಸ್ವಂತ ಮನೆ ಮಾಡಿದವು. ಮಕ್ಕಳಿಗೆ ಒಬ್ಬೊಬ್ಬರಿಗೊಂದು ಕೋಣೆ ಸಿಕ್ಕಿತು. ತಟ್ಟುವುದಕ್ಕೆ ಪಕ್ಕದ ಬಾಗಿಲು ಸಿಗಲಿಲ್ಲ. ನಿಮ್ಮ ಗೆಳೆಯರಿಗೆ ಈಗ ಆ ಫ್ಲ್ಯಾಟ್‌ಗೆ ವಾಪಸ್ ಹೋಗಿ ಎಂದರೆ ಹೋಗುತ್ತಾರಾ? ಇಲ್ಲ. ಅವರಮ್ಮನಂತೂ ಬಿಲ್‌ಕುಲ್ ಒಪ್ಪುವುದಿಲ್ಲ.

ಆದರೆ ಎಲ್ಲರಿಗೂ ಆ ಬಾಗಿಲುಗಳು ತೆರೆದಿರಲಿಲ್ಲ. ಓಟಗಾರ ಮೊ ಫರಾ 2022ರಲ್ಲಿ ಏನು ಹೇಳಿದರು ನೋಡಿ. ಚಿಕ್ಕವರಿದ್ದಾಗ ಬೇರೊಬ್ಬ ಹುಡುಗನ ಹೆಸರಿನಲ್ಲಿ ಅವರನ್ನು ಬ್ರಿಟನ್ನಿಗೆ ಕರೆತಂದು, ಒಂದು ಮನೆಯಲ್ಲಿ ಕೆಲಸಕ್ಕೆ ಇಟ್ಟುಕೊಂಡರಂತೆ. ಇನ್ನು ದಾರಿ ತಪ್ಪುತ್ತಿದ್ದಾನೆ ಅನ್ನಿಸಿದ ಮಗನನ್ನು ‘ಡಕನ್ ಎಲಿಸ್’ ಎಂದು, ನಮ್ಮ ರೀತಿನೀತಿ ಕಲಿತು ಬರಲಿ ಎಂದು, ಆಫ್ರಿಕಾಕ್ಕೆ ಕಳಿಸಿದವರೂ ಇದ್ದರು. ರಜೆಗೆ ಹೋಗುತ್ತಿದ್ದೇವೆ ಎಂದುಕೊಂಡೇ ವಿಮಾನ ಹತ್ತಿದ ಹುಡುಗರಿದ್ದರು. ಅವರನ್ನು ಕೇಳಿದರೆ ತೊಂಬತ್ತರ ದಶಕ ಬೇರೆಯೇ ಕಾಣುತ್ತದೆ.

2001ರ ನವೆಂಬರ್‌ನಲ್ಲಿ ಅಮೆರಿಕ ಸರ್ಕಾರ ಭಯೋತ್ಪಾದನೆಯ ಅನುಮಾನದ ಮೇಲೆ ಅಲ್-ಬರಕಾತ್ ಎಂಬ ಹವಾಲಾ ಕಂಪನಿಯ ಕಚೇರಿಗಳನ್ನು ಮುಚ್ಚಿಸಿತು. ಊರಿಗೆ ದುಡ್ಡು ಹೋಗುತ್ತಿದ್ದ ದೊಡ್ಡ ದಾರಿ ಅದು. ನನಗನ್ನಿಸುವಂತೆ, ಹಲವರಿಗೆ ಬಾಲ್ಯದ ಕಾಲ ಮುಗಿದದ್ದು ಆ ವರ್ಷವೇ. ಅದಕ್ಕೇ ‘ತೊಂಬತ್ತರ ದಶಕ’ ಎಂದು ಅಷ್ಟು ಖಚಿತವಾಗಿ ಹೇಳುತ್ತಾರೋ ಏನೋ. ಕೇಳಿ ನೋಡಿ.

ಲೇಖನದ ಬಗ್ಗೆ ಒಂದು ಕೋರಿಕೆ. ನಿಮ್ಮ ಗೆಳೆಯರನ್ನು ಮಾತ್ರ ಮಾತಾಡಿಸಿ ನಿಲ್ಲಿಸಬೇಡಿ. ಅವರಿಗೆ ಅಕ್ಕ ಇದ್ದರೆ ಆಕೆಯನ್ನೂ ಮಾತಾಡಿಸಿ. ತಮ್ಮ ಚೆಂಡಾಡುವಾಗ ಮಗು ಎತ್ತಿಕೊಂಡಿದ್ದವರು ಯಾರು, ಆಸ್ಪತ್ರೆಯಲ್ಲಿ ಡಾಕ್ಟರ ಮಾತನ್ನು ಅಮ್ಮನಿಗೆ ಸೊಮಾಲಿಯಲ್ಲಿ ಹೇಳುತ್ತಿದ್ದವರು ಯಾರು ಎಂಬುದು ಆಕೆಗೆ ಗೊತ್ತಿರುತ್ತದೆ. ಹೆಸರು ಹಾಕುವ ಮೊದಲು ಒಪ್ಪಿಗೆ ಪಡೆಯಿರಿ. ಸಾವಿರ ಪದ ದಾಟದಿರಲಿ. ಮನೆಯಲ್ಲಿ ಹಳೇ ಕ್ಯಾಸೆಟ್ ಉಳಿದಿದ್ದರೆ ಒಂದು ಫೋಟೊನೂ ಕಳಿಸಿ.