ಬಾಯಿ ತಪ್ಪಿ ಬರುವ ಬೈಗುಳವೂ ಪಾಪವಾ?

ಯಾರನ್ನೂ ಬೈಯದೆ, ಕೆಲಸ ಕೆಟ್ಟಾಗ ಸುಮ್ನೆ ಬಾಯಿಗೆ ಬರುವ ಕೆಟ್ಟ ಪದವೂ ಕ್ರೈಸ್ತನಿಗೆ ತಪ್ಪಾ ಅಂತ ಕೇಳಿದ್ದೀರಿ. ನಾನು ಪಾದ್ರಿಯಲ್ಲ. ಬೈಬಲ್ ಓದುವ, ಬಾಯಿ ಸ್ವಲ್ಪ ಜೋರಿರುವ ಮನುಷ್ಯ, ಅಷ್ಟೇ.

ಹೋದ ತಿಂಗಳು ಮೊಳೆ ಹೊಡೆಯುವಾಗ ಸುತ್ತಿಗೆ ಹೆಬ್ಬೆರಳ ಮೇಲೆ ಬಿತ್ತು. ಬಾಯಿಂದ ಬಂದದ್ದು ಸ್ತೋತ್ರವಲ್ಲ. ಮೊಳೆ ಡಬ್ಬಿ ಹಿಡಿದು ನಿಂತಿದ್ದ ಮಗಳು ಕಣ್ಣರಳಿಸಿ ನೋಡಿದಳು. ನಾಚಿಕೆಯಾಯಿತು. ಆದರೆ ರಾತ್ರಿ ನಿದ್ದೆಯೇನೂ ಕೆಡಲಿಲ್ಲ.

ನಿದ್ದೆ ಕೆಟ್ಟದ್ದು ಬೇರೆ ದಿನ. ದುಡ್ಡಿನ ವಿಷಯಕ್ಕೆ ತಮ್ಮನ ಜೊತೆ ಮಾತಿಗೆ ಮಾತು ಬೆಳೆದು, "ನೀನು ಹುಟ್ಟಿದ್ದೇ ದಂಡ ಕಣೋ" ಅಂದುಬಿಟ್ಟೆ. ಅದರಲ್ಲಿ ಒಂದೂ ಹೊಲಸು ಪದವಿಲ್ಲ. ಅವನು ತಿರುಗಿ ಮಾತಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮತ್ತಾಯ 5:22ರಲ್ಲಿ ಯೇಸು ಹಿಡಿದು ಕೇಳುವುದು ಇಂಥ ಮಾತನ್ನೇ. ಅಲ್ಲಿರುವ 'ರಾಕಾ' ಅನ್ನುವ ಪದಕ್ಕೆ ಹೆಚ್ಚುಕಡಿಮೆ 'ತಲೆಯಲ್ಲಿ ಏನೂ ಇಲ್ಲದವನೇ' ಅಂತ ಅರ್ಥ. ನಮ್ಮ ಕಿವಿಗೆ ಅದು ಬೈಗುಳ ಅನ್ನಿಸುವುದೂ ಕಷ್ಟ. ಆದರೂ ಅದನ್ನಂದವನು ನ್ಯಾಯಸಭೆಗೆ ಉತ್ತರ ಕೊಡಬೇಕು ಅನ್ನುವ ಆತ, 'ಮೂರ್ಖ' ಅಂದವನಿಗೆ ನರಕದ ಮಾತನ್ನೇ ಎತ್ತುತ್ತಾನೆ. ಆತನ ಶಿಷ್ಯ ಪೇತ್ರನನ್ನೂ ನೋಡಿ. ಯೇಸುವಿನ ಪರಿಚಯವೇ ಇಲ್ಲ ಅನ್ನುವಾಗ ಅವನು ಶಾಪ ಹಾಕಿಕೊಂಡ, ಆಣೆಯನ್ನೂ ಇಟ್ಟ (ಮಾರ್ಕ 14:71). ಕೋಳಿ ಕೂಗುವ ಮುಂಚೆ ನನ್ನನ್ನು ಅಲ್ಲಗಳೆಯುತ್ತೀಯ ಅಂತ ಯೇಸು ಮೊದಲೇ ಹೇಳಿದ್ದ. ಕೋಳಿ ಕೂಗಿದಾಗ ಅವನು ಅತ್ತದ್ದು ಶಾಪ ಹಾಕಿದೆನಲ್ಲಾ ಅಂತಲ್ಲ. 'ಆ ಮನುಷ್ಯ ಯಾರೋ ಗೊತ್ತಿಲ್ಲ' ಅಂದ ಆ ಶುದ್ಧ ಮಾತಿಗೆ.

ಹಾಗಂತ ಬಾಯಿ ಹರಿಬಿಡಬಹುದು ಅಂತ ಅಲ್ಲ. ಎಫೆಸದವರಿಗೆ ಬರೆದ ಪತ್ರದಲ್ಲಿ (4:29) ಕೆಟ್ಟ ಮಾತು ಬೇಡ ಅನ್ನುವಾಗ ಅಪೊಸ್ತಲ ಪೌಲ ಬಳಸಿದ ಗ್ರೀಕ್ ಪದ 'ಸಪ್ರೋಸ್'. ಕೊಳೆತದ್ದು ಅಂತ ಅರ್ಥ. ಮತ್ತಾಯನ ಸುವಾರ್ತೆಯಲ್ಲಿ ಬಲೆಯಿಂದ ತೆಗೆದು ಬಿಸಾಡುವ ಮೀನಿಗೂ ಇದೇ ಪದ. ಆ ವಚನದ ಮೊದಲರ್ಧವನ್ನು ಎಲ್ಲರೂ ಹೇಳುತ್ತಾರೆ. ಕೇಳುವವರಿಗೆ ಒಳ್ಳೆಯದಾಗುವಂತೆ ಮಾತಾಡಿ ಅನ್ನುವ ಉಳಿದರ್ಧ ಯಾರಿಗೂ ಬೇಡ! ಮುಂದಿನ ಅಧ್ಯಾಯದಲ್ಲೇ (5:4) ಹೊಲಸು ಮಾತು, ಪೋಲಿ ಜೋಕು ಬೇಡ ಅಂತಲೂ ಇದೆ. ಅದನ್ನು ಬೇರೆ ರೀತಿ ತಿರುಗಿಸಲು ಜಾಗವಿಲ್ಲ.

ಪೌಲನೇನು ಮೆತ್ತಗಿನವನಲ್ಲ. ತನ್ನ ಹಳೆಯ ಹೆಗ್ಗಳಿಕೆಯನ್ನೆಲ್ಲ 'ಸ್ಕುಬಲಾ' ಅಂತ ಕರೆದ (ಫಿಲಿಪ್ಪಿಯವರಿಗೆ 3:8). ಕಸ, ಸಗಣಿ, ಹೇಲು, ಮೂರಕ್ಕೂ ಸಲ್ಲುವ ಪದ ಅದು. ಕಷ್ಟದ ಮೇಲೆ ಕಷ್ಟ ಉಂಡ ಯೋಬನಂತೂ ತಾನು ಹುಟ್ಟಿದ ದಿನಕ್ಕೇ ಹಿಡಿಶಾಪ ಹಾಕಿದ. ಬೈಬಲ್ ಅದನ್ನು ಕತ್ತರಿಸಿ ತೆಗೆದಿಲ್ಲ ಅಲ್ವಾ?

ಹಾಗಾಗಿ ನನ್ನ ಲೆಕ್ಕ ಹೀಗಿದೆ. ನೋವಿಗೆ ಬಾಯಿ ತಪ್ಪಿ ಬಂದದ್ದು ತಿದ್ದಿಕೊಳ್ಳಬೇಕಾದ ಚಟ. ಮನುಷ್ಯನ ಮೇಲೆ ಎಸೆದದ್ದು ಪಾಪ, ಪದ ಎಷ್ಟೇ ಸಭ್ಯವಾಗಿರಲಿ. ತಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಮಗಳು ಮಾತ್ರ ಆ ಪದದ ಅರ್ಥ ಏನು ಅಂತ ಇನ್ನೂ ಕೇಳುತ್ತಲೇ ಇದ್ದಾಳೆ.